ಒಂದು ಕಾರು, ಮೂರು ಕಾಯಿಲೆ, ರಾಮೇಶ್ವರದ ದಾರಿ

ಪ್ರಶ್ನೆ: ಡಾಕ್ಟರೇ, ನಾವು ದಾವಣಗೆರೆಯವರು. ಡಿಸೆಂಬರ್ ಕೊನೇ ವಾರ ಮಗಳ ರಜೆಯಲ್ಲಿ ನಮ್ಮದೇ ಕಾರಿನಲ್ಲಿ ಮೈಸೂರು, ಊಟಿ, ಮದುರೈ, ರಾಮೇಶ್ವರ, ಕನ್ಯಾಕುಮಾರಿ ನೋಡಿಕೊಂಡು ಆರು ದಿನದಲ್ಲಿ ಮನೆ ಸೇರುವುದೆಂದು ಲೆಕ್ಕ ಹಾಕಿದ್ದೇವೆ. ನಮ್ಮ ಯಜಮಾನರಿಗೆ 52 ವರ್ಷ, 14 ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಇನ್ಸುಲಿನ್ (ಬಾಟಲಿಯದು, 30/70). ಈಚೆಗೆ ಅಂಗಾಲು ಜೋಮು ಹಿಡಿದಂತೆ ಇರುತ್ತದೆ ಎನ್ನುತ್ತಾರೆ. ಗಾಡಿ ಓಡಿಸುವವರು ಅವರೊಬ್ಬರೇ. ಅತ್ತೆಗೆ 74, ಬಿಪಿ ಇದೆ, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಮೂತ್ರದ ಮಾತ್ರೆ ನಡೆದಿದೆ. ಮಗಳಿಗೆ 11. ಚಳಿಗಾಲ ಬಂದರೆ ಉಬ್ಬಸ, ಪಂಪು ಇದೆ. ಅವಳಿಗೆ ಶೇಂಗಾ ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಸಂಕ್ರಾಂತಿ ದಿನ ಪಕ್ಕದ ಮನೆಯ ಎಳ್ಳು-ಬೆಲ್ಲ ತಿಂದು ಮೈಯೆಲ್ಲ ಗಂದೆ ಎದ್ದು, ತುಟಿ ಊದಿ, ವಾಂತಿಯಾಗಿ, ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಓಡಿದ್ದೆವು. ಆಗಿನಿಂದ ಅಲರ್ಜಿ ಮಾತ್ರೆ ಸದಾ ಬ್ಯಾಗಿನಲ್ಲಿರುತ್ತದೆ. ಈ ಚಳಿಯಲ್ಲಿ ಇಂಥವರನ್ನೆಲ್ಲ ಕಟ್ಟಿಕೊಂಡು ಹೋಗಬೇಡಿ ಎಂದು ನೆಂಟರು ಹೆದರಿಸುತ್ತಿದ್ದಾರೆ. ಇನ್ಸುಲಿನ್ ಐಸಿನಲ್ಲೇ ಒಯ್ಯಬೇಕಂತೆ, ಹೌದೇ? ಹೋಗಬಹುದೇ, ಬೇಡವೇ? ಅತ್ತೆಯದೂ ಒಂದು ಪ್ರಶ್ನೆ ಇದೆ: ರಾಮೇಶ್ವರದಲ್ಲಿ 22 ತೀರ್ಥದ ಸ್ನಾನ ಮಾಡಬಹುದೇ?

ಉತ್ತರ: ಹೋಗಬಹುದು. ಆದರೆ ನೀವು ಬರೆದಂತೆ ಅಲ್ಲ.

ನೀವು ಕೇಳಿದ್ದು ಚಳಿಯ ವಿಚಾರ. ನನಗೆ ಮಾತ್ರ ನಿಮ್ಮ ಪತ್ರದಲ್ಲಿ ಎರಡೇ ಮಾತು ಕಣ್ಣಿಗೆ ಹೊಡೆದವು. ಒಂದು, ‘ಆರು ದಿನ, ಗಾಡಿ ಓಡಿಸುವವರು ಅವರೊಬ್ಬರೇ’. ಇನ್ನೊಂದು, ‘ಎಳ್ಳು-ಬೆಲ್ಲ ತಿಂದು’. ಮೊದಲು ಎರಡನೆಯದನ್ನೇ ತೆಗೆದುಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಯಾರೂ ಕೇಳದ ಪ್ರಶ್ನೆ ಅದರೊಳಗಿದೆ.

ಎಳ್ಳು-ಬೆಲ್ಲದಲ್ಲಿ ಏನೇನಿರುತ್ತದೆ? ಶೇಂಗಾ, ಪುಟಾಣಿ, ಕೊಬ್ಬರಿ, ಬೆಲ್ಲ, ಎಳ್ಳು. ಮಗುವಿಗೆ ಆಗದೇ ಹೋದದ್ದು ಶೇಂಗಾ ಎಂದು ನಿಮಗೆ ಹೇಗೆ ಗೊತ್ತಾಯಿತು? ಅದು ಎಳ್ಳೂ ಇರಬಹುದು. ಎಳ್ಳು ಕೂಡ ಶೇಂಗಾದಷ್ಟೇ ಜೋರಾಗಿ ಕೆರಳಿಸಬಲ್ಲ ಕಾಳು. ಕೆಲವು ಮಕ್ಕಳಿಗೆ ಎರಡೂ ಆಗುವುದಿಲ್ಲ. ಪರೀಕ್ಷೆ ಮಾಡಿಸಿದ ಮಾತು ಪತ್ರದಲ್ಲಿ ಇಲ್ಲ, ಆದ್ದರಿಂದ ಮಾಡಿಸಿಲ್ಲ ಎಂದೇ ತಿಳಿಯುತ್ತೇನೆ. ಊರಿನಲ್ಲಿ ಇಷ್ಟು ದಿನ ನಡೆದುಹೋಗಿರಬಹುದು, ಯಾಕೆಂದರೆ ನಮ್ಮ ಕಡೆ ಅಡುಗೆಗೆ ಎಳ್ಳೆಣ್ಣೆ ಅಪರೂಪ. ನೀವು ಹೋಗುತ್ತಿರುವುದು ತಮಿಳುನಾಡಿಗೆ. ಅಲ್ಲಿ ಎಳ್ಳೆಣ್ಣೆಗೆ ‘ನಲ್ಲೆಣ್ಣೈ’, ಅಂದರೆ ಒಳ್ಳೆಯ ಎಣ್ಣೆ ಎಂದೇ ಹೆಸರು. ಇಡ್ಲಿ ಪುಡಿಗೆ ಕಲಸುವುದು ಅದನ್ನೇ, ಪುಳಿಯೋದರೈಗೆ ಹಾಕುವುದೂ ಅದನ್ನೇ, ಉಪ್ಪಿನಕಾಯಿ ಮುಳುಗಿರುವುದೂ ಅದರಲ್ಲೇ. ಮಗುವಿಗೆ ಎಳ್ಳು ಆಗದಿದ್ದರೆ ಶೇಂಗಾ ಒಂದನ್ನೇ ಕಾಯುತ್ತ ಮದುರೈಯಲ್ಲಿ ಊಟಕ್ಕೆ ಕೂರುವುದು ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟಂತೆ.

‘ಅವಳು ಗುರೆಳ್ಳು ಚಟ್ನಿ ಪುಡಿ ತಿನ್ನುತ್ತಾಳಲ್ಲ’ ಎಂದು ಹೇಳಬೇಡಿ. ಹೆಸರಿನಲ್ಲಿ ಎಳ್ಳು ಇದ್ದರೂ ಗುರೆಳ್ಳಿನ ಕುಲವೇ ಬೇರೆ, ಅದು ಸೂರ್ಯಕಾಂತಿಯ ನೆಂಟ. ಗುರೆಳ್ಳು ಒಗ್ಗಿದರೆ ಎಳ್ಳು ಒಗ್ಗಿದಂತಲ್ಲ. ಸಂಕ್ರಾಂತಿಯ ಆ ದಿನದಿಂದ ಈಚೆಗೆ ಅವಳು ಬಿಳಿ ಎಳ್ಳನ್ನೋ ಕರಿ ಎಳ್ಳನ್ನೋ, ಎಳ್ಳುಂಡೆಯನ್ನೋ ಸ್ಪಷ್ಟವಾಗಿ ತಿಂದು ಏನೂ ಆಗಿಲ್ಲವೆಂದರೆ ಆ ಮಾತು ಬೇರೆ. ತಿಂದಿಲ್ಲದಿದ್ದರೆ ‘ಸ್ವಲ್ಪ ಕೊಟ್ಟು ನೋಡೋಣ’ ಎಂದು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಅಲರ್ಜಿ ನೋಡುವ ವೈದ್ಯರ ಹತ್ತಿರ ಚರ್ಮ ಚುಚ್ಚಿ ನೋಡುವ ಪರೀಕ್ಷೆಯೋ ರಕ್ತ ಪರೀಕ್ಷೆಯೋ ಮಾಡಿಸಿ. ಚರ್ಮದ ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಆದ್ದರಿಂದ ಹೊರಡುವ ಹಿಂದಿನ ದಿನ ಓಡಿದರೆ ಉಪಯೋಗವಿಲ್ಲ. ಪರೀಕ್ಷೆಯ ಚೀಟಿಯೊಂದೇ ತೀರ್ಪಲ್ಲ ಎನ್ನುವುದೂ ನೆನಪಿರಲಿ. ಚೀಟಿಯಲ್ಲಿ ಹತ್ತು ಪದಾರ್ಥ ‘ಪಾಸಿಟಿವ್’ ಬಂತೆಂದು ಹತ್ತನ್ನೂ ಬಿಡಿಸಿ ಮಗುವನ್ನು ಕಡ್ಡಿ ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಆ ದಿನ ಏನಾಯಿತು, ತಿಂದ ಎಷ್ಟು ಹೊತ್ತಿಗೆ ಆಯಿತು ಎಂಬುದನ್ನು ಪಕ್ಕದಲ್ಲಿಟ್ಟುಕೊಂಡೇ ಆ ಚೀಟಿ ಓದಬೇಕು. ಪರೀಕ್ಷೆಗೆ ಸಮಯ ಸಿಗದಿದ್ದರೆ ಈ ಪ್ರಯಾಣದ ಮಟ್ಟಿಗೆ ಎರಡೂ ಆಗುವುದಿಲ್ಲವೆಂದೇ ನಡೆದುಕೊಳ್ಳಿ.

ಇನ್ನು ನಿಮ್ಮ ಬ್ಯಾಗಿನಲ್ಲಿರುವ ಅಲರ್ಜಿ ಮಾತ್ರೆ. ಅದು ಗಂದೆಗೆ, ತುರಿಕೆಗೆ ಸರಿ. ಅವತ್ತು ನಿಮ್ಮ ಮಗಳಿಗೆ ಆದದ್ದು ಬರೀ ಗಂದೆಯಲ್ಲ. ಚರ್ಮ, ಹೊಟ್ಟೆ, ಉಸಿರು ಮೂರೂ ಒಟ್ಟಿಗೆ ಕೆಟ್ಟಿದ್ದವು. ಇದನ್ನು ನಾವು ಅನಾಫಿಲಾಕ್ಸಿಸ್ ಎನ್ನುತ್ತೇವೆ. ರಕ್ತನಾಳಗಳು ಒಮ್ಮೆಲೇ ಸಡಿಲಾಗಿ ಬಿಪಿ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಭಾಗದ ಸ್ನಾಯುವಿಗೆ. ಮಾತ್ರೆ ಹೊಟ್ಟೆಗಿಳಿದು ಕೆಲಸ ಮಾಡುವವರೆಗೆ ಈ ಕಾಯಿಲೆ ಕಾಯುವುದಿಲ್ಲ, ಸ್ಟೀರಾಯ್ಡ್ ಸೂಜಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಹೊರದೇಶಗಳಲ್ಲಿ ಪೆನ್ನಿನಂತೆ ಒತ್ತುವ ಇಂಜೆಕ್ಟರ್ ಇರುತ್ತದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಸಿಗುವುದು ಒಂದು ಮಿಲಿಯ ಗಾಜಿನ ಆಂಪೂಲು, ಅಗ್ಗದ್ದೇ. ತೂಕದ ಕಿಲೋ ಒಂದಕ್ಕೆ 0.01 ಮಿ.ಗ್ರಾಂ. ಲೆಕ್ಕದಲ್ಲಿ ನಿಮ್ಮ ಮಗಳಿಗೆ ಎಷ್ಟು ಎಂಬುದನ್ನು ಮಕ್ಕಳ ಡಾಕ್ಟರು ಬರೆದುಕೊಡಬೇಕು. ಆಂಪೂಲು ಒಡೆದು, ಸಿರಿಂಜಿಗೆ ಎಳೆದು, ಚುಚ್ಚುವುದನ್ನು ಅವರೆದುರಿಗೇ ನೀರು ತುಂಬಿದ ಆಂಪೂಲಿನಲ್ಲಿ ನಾಲ್ಕು ಸಲ ಮಾಡಿ ಕಲಿಯಿರಿ. ನಿಮ್ಮ ಯಜಮಾನರಿಗೆ ಇನ್ಸುಲಿನ್ ಚುಚ್ಚಿ ನಿಮ್ಮ ಕೈ ಪಳಗಿರಬಹುದು. ಆದರೆ ಇನ್ಸುಲಿನ್ ಸಿರಿಂಜು ಇದಕ್ಕೆ ಆಗದು, ಅದರ ಸೂಜಿ ಚರ್ಮದ ಕೆಳಗಿನ ಕೊಬ್ಬಿಗಷ್ಟೇ ಸಾಲುತ್ತದೆ.

ಚುಚ್ಚಿದ ಮೇಲೆ ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಿಕೊಂಡು ಕಾರಿಗೆ ಹೋಗಬೇಡಿ, ಬಿಪಿ ಬಿದ್ದಾಗ ನಿಲ್ಲಿಸಿದರೆ ಕೆಡುತ್ತದೆ. 108ಕ್ಕೆ ಕರೆ ಮಾಡಿ, ಕರ್ನಾಟಕ, ತಮಿಳುನಾಡು, ಕೇರಳ ಮೂರರಲ್ಲೂ ಅದೇ ನಂಬರು. ಸೂಜಿಯಾದ ಐದು ನಿಮಿಷದಲ್ಲಿ ಮಗು ನಗುತ್ತ ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ತಾಸುಗಳ ನಂತರ ಎರಡನೇ ಸಲ ಏಳುತ್ತದೆ.

ಊಟದ ವಿಚಾರದಲ್ಲಿ ಪದವೇ ಮೋಸ ಮಾಡುತ್ತದೆ. ನಾವು ಶೇಂಗಾ ಎನ್ನುತ್ತೇವೆ. ಮೈಸೂರಿಗೆ ಹೋಗಿ ‘ಚಟ್ನಿಗೆ ಶೇಂಗಾ ಹಾಕಿದೀರಾ?’ ಎಂದರೆ ಸಪ್ಲೈಯರ್ ಹುಡುಗ ಯೋಚಿಸದೆ ಇಲ್ಲ ಎಂದುಬಿಡಬಹುದು. ಅಲ್ಲಿ ಕೇಳಬೇಕಾದದ್ದು ‘ಕಡ್ಲೆಬೀಜ’. ಬರೀ ‘ಕಡ್ಲೆ’ ಎಂದರೆ ಹುರಿಗಡಲೆ ಎಂದುಕೊಳ್ಳುತ್ತಾರೆ. ಗಡಿ ದಾಟಿದ ಮೇಲೆ ‘ವೇರ್ಕಡಲೈ’ ಅಥವಾ ‘ನಿಲಕ್ಕಡಲೈ’ ಎನ್ನಿ. ಅಲ್ಲಿ ‘ಪೊಟ್ಟುಕ್ಕಡಲೈ’ ಅಂದರೆ ನಮ್ಮ ಪುಟಾಣಿ, ಎಳ್ಳಿಗೆ ‘ಎಳ್ಳು’ ಎಂದೇ. ಎರಡೂ ಕಾಳಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸುವುದು ಎಲ್ಲಕ್ಕಿಂತ ಸುಲಭ. ಕೊಬ್ಬರಿ ದುಬಾರಿಯಾದಾಗ ಚಟ್ನಿಗೆ ಶೇಂಗಾ ಬೆರೆಸುವುದು ಎಲ್ಲ ಕಡೆ ಇದ್ದದ್ದೇ. ಚಿತ್ರಾನ್ನ, ಪುಳಿಯೋಗರೆಯ ಒಗ್ಗರಣೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ, ಆರಿಸಿ ತೆಗೆದರೆ ಸಾಲದು. ದೇವಸ್ಥಾನದ ಪುಳಿಯೋದರೈ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ದೊಡ್ಡವರು ತಿನ್ನಿ, ಮಗುವಿಗೆ ಬೇಡ. ಮದುರೈನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿಯಲ್ಲಿ ಕೋವಿಲ್‌ಪಟ್ಟಿ ಬರುತ್ತದೆ. ಅಲ್ಲಿಯ ಕಡಲೈ ಮಿಠಾಯಿ, ಅಂದರೆ ಶೇಂಗಾ ಚಿಕ್ಕಿ, 2020ರಲ್ಲಿ ಭೌಗೋಳಿಕ ಗುರುತು ಪಡೆದಷ್ಟು ಹೆಸರುವಾಸಿ. ಆ ಊರಿನಲ್ಲಿ ಚಹಾಕ್ಕೆ ನಿಲ್ಲುವುದಕ್ಕಿಂತ ಮುಂದೆ ಹೋಗಿ ನಿಲ್ಲಿ. ಊಟಿಯ ‘ಹೋಮ್‌ಮೇಡ್ ಚಾಕೊಲೇಟ್’ ಅಂಗಡಿಗಳಲ್ಲಿ ಬೀಜ ಹಾಕಿದ್ದನ್ನೂ ಹಾಕದ್ದನ್ನೂ ಒಂದೇ ಚಾಕುವಿನಲ್ಲಿ ತುಂಡು ಮಾಡುತ್ತಾರೆ. ಬಿಡಿಯಾಗಿ ತೂಗಿ ಕೊಡುವ ಚಾಕೊಲೇಟಿಗೆ ನಮಸ್ಕಾರ ಹೇಳಿ. ಪ್ಯಾಕೆಟ್ಟಿನದಾದರೆ ಶೇಂಗಾ ಇದ್ದದ್ದನ್ನು ಲೇಬಲ್ಲಿನಲ್ಲಿ ಬರೆಯಲೇಬೇಕೆಂಬ ನಿಯಮವಿದೆ.

ಎಣ್ಣೆಯ ವಿಚಾರವನ್ನು ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆಯ ಪಕ್ಕದವರಿಗೆ ನಾನು ಹೇಳಿಕೊಡಬೇಕೇ? ಆದರೂ ಒಂದು ಮಾತು. ಪೂರ್ತಿ ರಿಫೈನ್ ಆದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ಹುಟ್ಟಿಸುವ ಪ್ರೋಟೀನು ಹೆಚ್ಚುಕಡಿಮೆ ಉಳಿಯುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಈಗ ‘ಶುದ್ಧ ಗಾಣದ ಎಣ್ಣೆಯಲ್ಲಿ ಮಾಡಿದ್ದು’ ಎಂದು ಬೋರ್ಡು ಹಾಕುವ ಹೋಟೆಲುಗಳು ಹೆಚ್ಚಾಗಿವೆ, ಉಳಿದವರಿಗೆ ಅದು ಒಳ್ಳೆಯದೇ, ನಿಮ್ಮ ಮಗಳಿಗಲ್ಲ. ಇನ್ನು ಪಕ್ಕದ ಸೀಟಿನವರು ಶೇಂಗಾ ಸುಲಿದರೆ ಆ ವಾಸನೆಗೇ ಮಗು ಬೀಳುತ್ತದೆ ಎಂಬ ಭಯ ಬೇಡ. ಕೆಡುಕು ಬರುವುದು ಸಾಮಾನ್ಯವಾಗಿ ಕೈಗೆ ಅಂಟಿ ಬಾಯಿಗೆ ಹೋದಾಗ. ಸ್ಯಾನಿಟೈಸರ್ ಆ ಜಿಡ್ಡು ತೆಗೆಯುವುದಿಲ್ಲ, ಸೋಪು ನೀರು ತೆಗೆಯುತ್ತದೆ. ಕಾರಿಗೆ ಖಾರ ಮಂಡಕ್ಕಿ ಕಟ್ಟಿಕೊಳ್ಳುವ ಆಸೆ ಇದ್ದರೆ ಮನೆಯಲ್ಲೇ ಶೇಂಗಾ ಇಲ್ಲದೆ ಮಾಡಿ.

ಈಗ ನೆಂಟರು ಹೇಳಿದ ಚಳಿ. ಉಬ್ಬಸದ ಮಗುವಿನ ಶ್ವಾಸನಾಳ ಮೊದಲೇ ಒಳಗೊಳಗೆ ಊದಿಕೊಂಡಿರುತ್ತದೆ. ತಣ್ಣಗಿನ ಒಣಗಾಳಿ ತಾಕಿದಾಗ ಬಿಗಿಯುತ್ತದೆ. ನೆಗಡಿಯ ವೈರಸ್ ಅದಕ್ಕಿಂತ ಹೆಚ್ಚು ಕಾಡುತ್ತದೆ. ಹಾಗಾಗಿ ಚಳಿ ಸುಳ್ಳಲ್ಲ, ಆದರೆ ಚಳಿಯೊಂದೇ ಕಾರಣವೂ ಅಲ್ಲ. ‘ಪಂಪು ಇದೆ’ ಎಂದಿದ್ದೀರಿ, ಯಾವ ಪಂಪು? ದಮ್ಮು ಬಂದಾಗ ಎಳೆಯುವ ಸಾಲ್ಬುಟಮಾಲ್ ಒಂದೇ ಆದರೆ ಅದು ಬೆಂಕಿ ಬಿದ್ದ ಮೇಲೆ ನೀರು ಹಾಕಿದಂತೆ. ಊತ ತಗ್ಗಿಸುವ, ದಿನಾ ತೆಗೆದುಕೊಳ್ಳುವ ಪಂಪು ಬೇರೆ ಇದೆ. ‘ಚಟವಾಗುತ್ತದೆ’ ಎಂದು ಅದನ್ನು ಬಿಡಿಸಿದ್ದರೆ ಈಗಲೇ, ಹೊರಡುವುದಕ್ಕೆ ಮೂರು ನಾಲ್ಕು ವಾರ ಮೊದಲೇ, ವೈದ್ಯರನ್ನು ಕೇಳಿ ಮತ್ತೆ ಹಿಡಿಸಿ. ಚಟವಾಗುವುದಿಲ್ಲ. ಫ್ಲೂ ಲಸಿಕೆ ಮೂವರಿಗೂ ಆಗಬೇಕು, ಕನಿಷ್ಠ ಎರಡು ವಾರ ಮುಂಚೆ. ಸ್ಪೇಸರ್, ಅಂದರೆ ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಮನೆಯಲ್ಲಿ ಬಿಟ್ಟು ಬರಬೇಡಿ. ಸ್ಪೇಸರಿನಲ್ಲಿ ಒಂದೊಂದೇ ಸಲ ಒತ್ತಿ ಕೊಟ್ಟ ಸಾಲ್ಬುಟಮಾಲ್ ಕರೆಂಟಿನ ನೆಬ್ಯುಲೈಸರಿಗೆ ಕಡಿಮೆಯೇನಲ್ಲ, ಅದನ್ನು ಹೊತ್ತು ತರುವ ಕೆಲಸವಿಲ್ಲ.

ಮಗುವಿನ ದಮ್ಮು ಕೆರಳಿಸುವುದು ಬಹಳ ಸಲ ಕಾರಿನೊಳಗೇ ಇರುತ್ತದೆ. ವರ್ಷದಿಂದ ಬದಲಿಸದ ಎಸಿ ಫಿಲ್ಟರು, ಡ್ಯಾಶ್‌ಬೋರ್ಡಿನ ಘಮಘಮ ಪರ್ಫ್ಯೂಮು, ದೇವರ ಮುಂದೆ ಹಚ್ಚಿದ ಊದುಬತ್ತಿ. ಮೂರನ್ನೂ ಹೊರಡುವ ಮೊದಲೇ ಸರಿಮಾಡಿ. ಲಾಡ್ಜಿನ ದಪ್ಪ ರಗ್ಗುಗಳಲ್ಲಿ ಧೂಳಿನ ಹುಳು ಮನೆ ಮಾಡಿರುತ್ತವೆ, ಮಗುವಿಗೆ ಮನೆಯದೇ ಹೊದಿಕೆ, ದಿಂಬಿನ ಚೀಲ ಒಯ್ಯಿರಿ. ಊಟಿಯಲ್ಲಿ ಸಿಗುವ ನೀಲಗಿರಿ ಎಣ್ಣೆ ದಮ್ಮಿಗೆ ದಿವ್ಯೌಷಧ ಎಂದು ಎದೆಗೆ ತಿಕ್ಕುವವರಿದ್ದಾರೆ. ಆ ಘಾಟೇ ಕೆಲವು ಮಕ್ಕಳಿಗೆ ಉಬ್ಬಸ ಎಬ್ಬಿಸುತ್ತದೆ. ಹಾಗೆಯೇ ಲಾಡ್ಜಿನವರು ಖುಷಿಗೆ ಹಾಕಿಕೊಡುವ ಕ್ಯಾಂಪ್‌ಫೈರಿನ ಹೊಗೆ.

ನನ್ನನ್ನು ಕೇಳಿದರೆ ಈ ಸಲ ಊಟಿ ಬಿಡಿ. ಮಗಳ ಮುಖ ಸಪ್ಪಗಾದೀತು, ಗೊತ್ತು. 2,200 ಮೀಟರ್ ಮೇಲಿನ ಊರು. ಡಿಸೆಂಬರ್ ಕೊನೆಯ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುವಷ್ಟು ಚಳಿ. ಆ ಎತ್ತರಕ್ಕೆ ಆಕ್ಸಿಜನ್ ಸಾಲದೆ ಹೋಗುವುದಿಲ್ಲ, ಅದು ತಪ್ಪು ಕಲ್ಪನೆ. ಆದರೆ ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ, ಸ್ಟೆಂಟ್ ಹಾಕಿದ ಹೃದಯಕ್ಕೆ ಬೆಳಗಿನ ಜಾವ ಅದು ಹೊರೆ. ಜೊತೆಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ. ಮೂತ್ರದ ಮಾತ್ರೆ ತೆಗೆದುಕೊಂಡ ಅಜ್ಜಿ, ಇನ್ಸುಲಿನ್ ತೆಗೆದುಕೊಂಡ ಚಾಲಕ, ಘಾಟಿಯ ತಿರುವಿಗೆ ವಾಂತಿ ಮಾಡುವ ಮಗು, ಈ ಮೂವರನ್ನು ಅಲ್ಲಿ ಯಾಕೆ ಸಿಕ್ಕಿಸಬೇಕು? ಇನ್ಸುಲಿನ್ ತಗೊಂಡು, ತಿಂಡಿ ತಿಂದು, ಘಾಟಿಯಲ್ಲಿ ಯಜಮಾನರಿಗೇ ವಾಂತಿಯಾದರೆ ತಿಂಡಿ ಹೊರಗೆ ಬರುತ್ತದೆ, ಇನ್ಸುಲಿನ್ ಬರುವುದಿಲ್ಲ. ಊಟಿಯನ್ನು ಏಪ್ರಿಲ್ ರಜೆಗೆ ಅಂತ ಮಗಳ ಕೈಮೇಲೆ ಭಾಷೆ ಕೊಡಿ.

ಈ ಊಟಿಯನ್ನು ಕಳೆದರೂ ದೂರ ಕಡಿಮೆಯಲ್ಲ. ದಾವಣಗೆರೆಯಿಂದ ಬೆಂಗಳೂರು 260 ಕಿ.ಮೀ., ಅಲ್ಲಿಂದ ಹೊಸೂರು, ಸೇಲಂ, ದಿಂಡಿಗಲ್ ಮೇಲೆ ಮದುರೈಗೆ ಇನ್ನೂ 430ರ ಮೇಲೆ, ರಾಮೇಶ್ವರಕ್ಕೆ ಮತ್ತೆ 170. ಹೋಗಿ, ಕನ್ಯಾಕುಮಾರಿ ಮುಟ್ಟಿ, ಬರುವುದೆಲ್ಲ ಸೇರಿ ಎರಡು ಸಾವಿರ ಕಿಲೋಮೀಟರು. ಇದನ್ನು ಆರು ದಿನದಲ್ಲಿ ಒಬ್ಬರೇ, ಅದೂ ಎರಡು ಹೊತ್ತು ಇನ್ಸುಲಿನ್ ಇರುವವರು ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಶುಗರ್ ಇರುವವರು ಗಾಡಿ ಓಡಿಸಬಾರದು ಎಂದಲ್ಲ. ಶುಗರ್ ಇಳಿದಾಗ ಮೊದಲು ಮಂಕಾಗುವುದು ‘ನನಗೆ ಶುಗರ್ ಇಳಿದಿದೆ’ ಎಂದು ತಿಳಿಯುವ ಬುದ್ಧಿಯೇ. ಹಳೇ ಶುಗರಿನವರಿಗೆ ಬೆವರು, ನಡುಕದ ಸೂಚನೆಯೂ ಕೆಲವೊಮ್ಮೆ ಬರುವುದಿಲ್ಲ. ‘ನಾನು ಸರಿಯಾಗೇ ಇದೀನಿ, ಸುಮ್ಮನಿರಿ’ ಎಂದು ರೇಗುವ ಗಂಡ ಬಹಳ ಸಲ 60ರ ಶುಗರಿನ ಗಂಡ.

ಅವರು ಸ್ಟೀರಿಂಗ್ ಹಿಡಿಯುವ ಮೊದಲು, ಆಮೇಲೆ ಪ್ರತಿ ಎರಡು ತಾಸಿಗೆ, ಗ್ಲೂಕೋಮೀಟರಿನಲ್ಲಿ ನೋಡಬೇಕು. 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಬೇಕು. 70ಕ್ಕಿಂತ ಕೆಳಗಿಳಿದರೆ ಗಾಡಿ ಬದಿಗೆ ಹಾಕಿ, ಕೀ ತೆಗೆದು, ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋದ ಮೇಲೂ ಮುಕ್ಕಾಲು ಗಂಟೆ ಗಾಡಿ ಮುಟ್ಟಬಾರದು, ಅಂಕಿ ಏರಿದರೂ ತಲೆ ತಿಳಿಯಾಗಲು ಅಷ್ಟು ಬೇಕು. ಇಲ್ಲಿ ಚಾಕೊಲೇಟು, ಬಿಸ್ಕತ್ತು ನಿಧಾನ. ಇನ್ಸುಲಿನ್ ಚುಚ್ಚಿಕೊಂಡು ಹೋಟೆಲ್ ಹುಡುಕುವುದಂತೂ ಬೇಡವೇ ಬೇಡ. 30/70ನ್ನು ಮನೆಯಲ್ಲಿ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುತ್ತೀರಿ, ಸರಿ. ಪ್ರಯಾಣದಲ್ಲಿ ಎಲೆ ಮುಂದೆ ಬಂದ ಮೇಲೆ ತಗೊಳ್ಳಿ. ಆ ಹೊತ್ತಿಗೆ ಶುಗರ್ ಕೊಂಚ ಏರಿದರೂ ನಾನು ಬೈಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗೆ. ಒಂದೋ ಡ್ರೈವರ್ ಗೊತ್ತು ಮಾಡಿ, ಎಂಟು ದಿನ ಇಟ್ಟುಕೊಳ್ಳಿ, ದಿನಕ್ಕೆ ಆರೇಳು ತಾಸಿಗಿಂತ ಹೆಚ್ಚು ಓಡಬೇಡಿ. ಖರ್ಚು ಏರುತ್ತದೆ, ಕಾರಿನಲ್ಲಿ ಒಬ್ಬರು ಹೆಚ್ಚಾಗಿ ಅತ್ತೆ ಕಾಲು ಚಾಚುವುದಕ್ಕೆ ಜಾಗ ಕಡಿಮೆಯಾಗುತ್ತದೆ. ಇಲ್ಲವೇ ಬೆಂಗಳೂರಿನಿಂದ ಮದುರೈ, ನಾಗರಕೋವಿಲ್ ಕಡೆಗೆ ಹೋಗುವ ರಾತ್ರಿ ರೈಲು ಹಿಡಿದು, ಅಲ್ಲಿ ಟ್ಯಾಕ್ಸಿ ಮಾಡಿ. ನನಗೆ ಇದೇ ಹೆಚ್ಚು ಇಷ್ಟ, ರೈಲಿನಲ್ಲಿ ಶೌಚಾಲಯವಿದೆ, ಎದ್ದು ಓಡಾಡಬಹುದು. ಟಿಕೆಟ್ ಸಿಗುವುದೇ ಕಷ್ಟ, ಅದು ಅಯ್ಯಪ್ಪ ಭಕ್ತರ ಕಾಲ, ರಾಮೇಶ್ವರ, ಕನ್ಯಾಕುಮಾರಿ ಎಲ್ಲ ಕಡೆ ಜನ. ಕಾರಿನಲ್ಲಿ ನೀವೇ ಹೋಗುವುದಾದರೆ ಬೆಂಗಳೂರಿನಲ್ಲಿ ಒಂದು ರಾತ್ರಿ, ಸೇಲಂನಲ್ಲಿ ಒಂದು ರಾತ್ರಿ ತಂಗಿ. ಬೆಳಗಿನ ಜಾವದ ಮಂಜಿನಲ್ಲಿ ಹೊರಡುವ ನಮ್ಮ ಹಳೇ ರೂಢಿ ಬಿಟ್ಟು, ಬಿಸಿಲು ಬಿದ್ದ ಮೇಲೆ ಹೊರಡಿ. ಮಂಜು ಚಾಲಕರ ಕಣ್ಣಿಗೂ ಕೆಟ್ಟದ್ದು, ಮಗಳ ಎದೆಗೂ.

ಐಸಿನ ಪ್ರಶ್ನೆ. ನೆಂಟರು ಅರ್ಧ ಸರಿ. ತೆರೆಯದ ಬಾಟಲಿಗೆ ಫ್ರಿಜ್ಜಿನ ತಂಪು ಬೇಕು, 2ರಿಂದ 8 ಡಿಗ್ರಿ. ಬಳಸುತ್ತಿರುವ ಬಾಟಲಿ 25-30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗೇ ಇರಬಲ್ಲದು. ಐಸ್ ಗಡ್ಡೆಗೆ ತಾಕಿ ಹೆಪ್ಪುಗಟ್ಟಿದ ಇನ್ಸುಲಿನ್ ಸತ್ತ ಹಾಗೆ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಎಸೆಯಬೇಕು. ಒಂದು ಲಾಡ್ಜಿನಲ್ಲಿ ನಾನೇ ನನ್ನ ತಂದೆಯ ಬಾಟಲಿಯನ್ನು ಸಣ್ಣ ಫ್ರಿಜ್ಜಿನ ಹಿಂಗೋಡೆಗೆ ತಾಕಿಸಿಟ್ಟು, ಬೆಳಿಗ್ಗೆ ಗಟ್ಟಿಯಾದದ್ದನ್ನು ಕಂಡು ಮೆಡಿಕಲ್ ಹುಡುಕಿಕೊಂಡು ಅಲೆದಿದ್ದೇನೆ. ಡಾಕ್ಟರ ಮನೆಯ ಕಥೆ ಇದು. ಇದಕ್ಕಿಂತ ಹೆಚ್ಚು ಹಾಳಾಗುವುದು ಬಿಸಿಲಿಗೆ. ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡು, ಡಿಕ್ಕಿ ಡಿಸೆಂಬರಿನಲ್ಲೂ ಕಾದ ಹೆಂಚಾಗುತ್ತವೆ, ಮತ್ತು ರಾಮೇಶ್ವರಕ್ಕೆ ನಮ್ಮ ಚಳಿಗಾಲ ಎಂಬುದು ಗೊತ್ತೇ ಇಲ್ಲ. ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಕುಡಿಕೆಯಲ್ಲಿ ಬಾಟಲಿ ಇಟ್ಟು ಕಾಲ ಬಳಿ ಇಟ್ಟುಕೊಳ್ಳಿ, ನೀರು ಆರುತ್ತ ತಂಪು ಮಾಡುತ್ತದೆ. ಕಾರಿನಿಂದ ಇಳಿಯುವಾಗ ಅದೂ ನಿಮ್ಮ ಜೊತೆ ಇಳಿಯಲಿ. ಪಂಪು, ಅಡ್ರಿನಲಿನ್ ಕೂಡ.

ಸಿರಿಂಜು ಮನೆಯಿಂದಲೇ ಹೆಚ್ಚಿಗೆ ಒಯ್ಯಿರಿ. ನಿಮ್ಮ ಬಾಟಲಿ ಬಹುಶಃ ಮಿಲಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಬೇರೆ ಊರಿನಲ್ಲಿ ಅವಸರಕ್ಕೆ ಮಿಲಿಗೆ 100 ಯೂನಿಟ್ಟಿನ ಔಷಧ ಕೊಟ್ಟು, ನೀವು ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು, ಓದಿ ನೋಡದೆ ಚುಚ್ಚಬೇಡಿ.

ಜೋಮು ಹಿಡಿದ ಅಂಗಾಲು ಎಂದಿರಿ. ಮದುರೈ, ರಾಮೇಶ್ವರದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯುವವರಿಗೆ ಕಾಲು ಸುಟ್ಟರೂ ಗೊತ್ತಾಗದ ಸ್ಥಿತಿ ಅದು. ದರ್ಶನ ಬೆಳಿಗ್ಗೆಯೋ ಸಂಜೆಯೋ ಇಟ್ಟುಕೊಳ್ಳಿ. ರಾತ್ರಿ ಮಲಗುವ ಮುಂಚೆ ಟಾರ್ಚು ಹಿಡಿದು ಅಂಗಾಲು, ಬೆರಳ ಸಂದು ನೀವು ನೋಡಿ, ಅವರೇ ನೋಡಿಕೊಂಡೆ ಎಂದರೆ ನಂಬಬೇಡಿ. ಹೊರಡುವ ಮೊದಲು ಒಮ್ಮೆ ಕಾಲಿನ ಪರೀಕ್ಷೆಯೂ ಆಗಲಿ.

ಅತ್ತೆಯ ವಿಷಯದಲ್ಲಿ ನನಗೆ ಅನುಮಾನ ಒಂದಿದೆ, ತಪ್ಪಾಗಿದ್ದರೆ ಸಂತೋಷ. ನಮ್ಮ ಕಡೆಯ ಹೆಣ್ಣುಮಕ್ಕಳು ಪ್ರಯಾಣದ ದಿನ ಮೂತ್ರದ ಮಾತ್ರೆ ನುಂಗುವುದಿಲ್ಲ, ನೀರೂ ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಾಲಯದ ಗತಿ ಗೊತ್ತಿರುವುದರಿಂದ ತಪ್ಪೆನ್ನಲಾರೆ. ಆದರೆ ಎರಡು ದಿನ ಮಾತ್ರೆ ಬಿಟ್ಟರೆ ಕಾಲು ಊದಿ ಮೂರನೇ ರಾತ್ರಿ ಮಲಗಿದರೆ ದಮ್ಮು ಬರಬಹುದು, ನೀರು ಬಿಟ್ಟರೆ ಕೂತಲ್ಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮಾತ್ರೆಯ ಹೊತ್ತನ್ನು ಊರು ಮುಟ್ಟಿದ ಮೇಲಕ್ಕೆ ಸರಿಸಬಹುದೇ ಎಂದು ಹೃದಯದ ವೈದ್ಯರನ್ನು ಕೇಳಿ, ಬಹುಮಟ್ಟಿಗೆ ಆಗುತ್ತದೆ. ಎರಡು ತಾಸಿಗೊಮ್ಮೆ ಪೆಟ್ರೋಲ್ ಬಂಕಿನಲ್ಲಿ ಇಳಿಸಿ ನಡೆಸಿ. ರಕ್ತ ತಿಳಿಯಾಗಿಸುವ ಮಾತ್ರೆ ಒಂದು ದಿನವೂ ತಪ್ಪಬಾರದು. ಮಂಡಿನೋವಿಗೆ, ನೆಗಡಿಗೆ ದಾರಿಯ ಮೆಡಿಕಲ್ಲಿನಲ್ಲಿ ಸಿಕ್ಕ ಮಾತ್ರೆ ಕೊಡಿಸಬೇಡಿ. ನೋವಿನ ಮಾತ್ರೆಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ, ಮೂಗು ಬಿಡಿಸುವ ಮಾತ್ರೆಗಳು ಬಿಪಿ ಏರಿಸುತ್ತವೆ. ಪ್ಯಾರಾಸಿಟಮಾಲ್ ಸಾಕು. ಎಲ್ಲರ ಔಷಧಿ ಪಟ್ಟಿಯನ್ನೂ ಕಂಪನಿ ಹೆಸರಿನಲ್ಲಲ್ಲ, ಮೂಲ ಔಷಧದ ಹೆಸರಿನಲ್ಲಿ ಬರೆಸಿಕೊಳ್ಳಿ. ಇಲ್ಲಿಯ ಬ್ರಾಂಡು ಅಲ್ಲಿ ಸಿಗದೆ ಹೋಗಬಹುದು.

ಕೊನೆಗೆ 22 ತೀರ್ಥ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಮೊದಲು ಅಗ್ನಿತೀರ್ಥದಲ್ಲಿ ಸಮುದ್ರಸ್ನಾನ, ಆಮೇಲೆ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗೆ ಬಾವಿಯಿಂದ ಬಾವಿಗೆ ಸರತಿಯಲ್ಲಿ ನಡೆದು ತಲೆ ಮೇಲೆ ಬಕೆಟ್ಟುಗಟ್ಟಲೆ ತಣ್ಣೀರು. ನೆಲವೆಲ್ಲ ಜಾರು. ಹಿಂಗಾರಿನ ಮಳೆ ಆ ಕರಾವಳಿಯಲ್ಲಿ ಡಿಸೆಂಬರಿನವರೆಗೂ ಇರುತ್ತದೆ, ಒದ್ದೆ ಬೇಗ ಆರುವುದೂ ಇಲ್ಲ. ತಣ್ಣೀರು ತಲೆಗೆ ಬಿದ್ದ ಕ್ಷಣ ಬಿಪಿ ಜಿಗಿಯುವುದು ಒಂದು ಅಪಾಯ, ಆ ನೆಲದ ಮೇಲೆ ಬಿದ್ದು ಸೊಂಟದ ಮೂಳೆ ಮುರಿಯುವುದು ಇನ್ನೊಂದು. ನನಗೆ ಎರಡನೆಯದರ ಭಯವೇ ಹೆಚ್ಚು. ಮೊದಲು ಅವರು ಎರಡು ಮಹಡಿ ಮೆಟ್ಟಿಲನ್ನು ಎದೆ ಹಿಡಿಯದೆ, ಏದುಸಿರು ಬಿಡದೆ ಹತ್ತಬಲ್ಲರೇ ಎಂದು ಮನೆಯಲ್ಲೇ ನೋಡಿ, ಹೃದಯದ ವೈದ್ಯರಿಗೆ ಅದನ್ನು ಹೇಳಿ. ಹತ್ತಲಾಗದಿದ್ದರೆ ಬಾವಿಗಳ ಸುತ್ತು ಬೇಡ. ಹತ್ತಿದರೂ ಬಿಸಿಲೇರಿದ ಮೇಲೆ ಹೋಗಿ, ಒಬ್ಬರು ರಟ್ಟೆ ಹಿಡಿದಿರಿ, ಪಾದದಿಂದ ಮೇಲಕ್ಕೆ ನೀರು ಹಾಕಿಕೊಂಡು ಮೈ ಒಗ್ಗಿಸಿಕೊಳ್ಳಲಿ. ಸುಸ್ತೆನಿಸಿದ ಬಾವಿಗೇ ನಿಲ್ಲಿಸಲಿ. ‘ನಿಮ್ಮ ಮಗ 22 ಬಾವಿಯ ನೀರನ್ನೂ ಒಂದು ಬಾಟಲಿಯಲ್ಲಿ ಹಿಡಿದು ತರುತ್ತಾನೆ, ಲಾಡ್ಜಿನಲ್ಲಿ ಬಿಸಿನೀರಿಗೆ ಬೆರೆಸಿಕೊಂಡು ಸ್ನಾನ ಮಾಡಿ’ ಎಂದು ಅತ್ತೆಗೆ ಹೇಳಿದರೆ ಒಪ್ಪುತ್ತಾರೋ ಇಲ್ಲವೋ, ಕೇಳಿ ನೋಡಿ. ನನ್ನ ಬಳಿ ಬರುವ ಅಜ್ಜಿಯೊಬ್ಬರು ಒಪ್ಪಿದ್ದರು. ಮಗಳನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಅಷ್ಟು ಹೊತ್ತು ನಿಲ್ಲಿಸಬೇಡಿ. ಯಜಮಾನರು ಸ್ನಾನಕ್ಕೆ ಇಳಿಯುವುದಾದರೆ ಬೆಳಗಿನ ಇನ್ಸುಲಿನ್ ತಗೊಂಡು ತಿಂಡಿ ಬಿಟ್ಟು ಸರತಿಯಲ್ಲಿ ನಿಲ್ಲುವಂತಿಲ್ಲ. ಉಪವಾಸದಲ್ಲೇ ಸ್ನಾನವಾಗಬೇಕೆಂಬ ಹಟವಿದ್ದರೆ ಆ ದಿನದ ಡೋಸನ್ನು ಹೇಗೆ ಬದಲಿಸಬೇಕೆಂದು ಇಲ್ಲಿಂದ ಹೊರಡುವ ಮೊದಲೇ ಅವರ ಡಾಕ್ಟರ ಕೈಯಲ್ಲಿ ಚೀಟಿ ಬರೆಸಿಕೊಂಡಿರಿ.